ಮಳೆನೀರಿನ ಚರಂಡಿ

"ಉಜ್ಜೇ ಬೋಸುಡಿ! ಆಫೀಸರ್ ಬಂದು ಮೂಗು ಮುಚ್ಕೊಂಡ್ರೆ ನಿನ್ನ ಮಕಾನ ಅದ್ರಾಗೇ ಅದ್ದತೀನಿ!"

ಮೇಸ್ತ್ರಿ ತಿಪ್ಪೇಶಪ್ಪ ಶೀಟಿನ ನೆರಳಲ್ಲಿ ನಿಂತು ಕೂಗುತ್ತಿದ್ದ. ಉಚ್ಚಂಗೆಮ್ಮ ಮೊಣಕಾಲುದ್ದದ ಚರಂಡಿಗಿಳಿದು, ಬ್ಲೀಚಿಂಗ್ ಪುಡಿ ಎರಚಿ, ಕಡ್ಡಿಪೊರಕೆಯಿಂದ ಉಜ್ಜುತ್ತಿದ್ದಳು. ಬಿರಿದ ಬೆರಳಸಂದಿಗಳು ಉರಿಯುತ್ತಿದ್ದವು. ಅವಳನ್ನೂ ಮಗಳು ಕಲ್ಪನಾಳನ್ನೂ ಸೇರಿಸಿ ಹನ್ನೊಂದು ಹೆಂಗಸರನ್ನು ಜಗಳೂರು ಕಡೆಯಿಂದ ಕರಾವಳಿಯ ಈ ಮೀನಿನ ಫ್ಯಾಕ್ಟರಿಗೆ ಟೆಂಪೋದಲ್ಲಿ ತುಂಬಿಕೊಂಡು ಬಂದವನು ಇವನೇ. ಊರಲ್ಲಿ ಅಕ್ಕ ಅನ್ನುತ್ತಿದ್ದವನು ಘಾಟಿ ಇಳಿದ ಮೇಲೆ ಒಂದು ದಿನವೂ ಹಾಗೆ ಕರೆದಿರಲಿಲ್ಲ.

ಅದು ಮಳೆನೀರಿನ ಚರಂಡಿ. ಅಂಗಳಕ್ಕೆ ಬಿದ್ದ ಮಳೆ ಮಾತ್ರ ಅದರಲ್ಲಿ ಹರಿದು ಹಿಂದಿನ ತೋಡೆಂಬ ಸಣ್ಣ ಹಳ್ಳ ಸೇರಬೇಕು. ಮೀನು ಸೀಳಿದ ರಕ್ತ, ಕರುಳು, ಹುರುಪೆಯ ನೀರಿಗೆ ಬೇರೆ ತೊಟ್ಟಿಯಿತ್ತು. ಆ ನೀರನ್ನು ಶುದ್ಧ ಮಾಡುವ ಯಂತ್ರ ಕೆಟ್ಟು ವರ್ಷವಾಗಿತ್ತು. ಬಿಸಿಲಿದ್ದಷ್ಟು ದಿನ ಹೊಲಸನ್ನು ತೊಟ್ಟಿಯಲ್ಲಿ ತುಂಬಿಸಿಡುವುದು, ಮಳೆ ಹನಿದ ಕೂಡಲೇ ತೊಟ್ಟಿಗೂ ಚರಂಡಿಗೂ ನಡುವಿನ ಕಬ್ಬಿಣದ ಹಲಗೆ ಎತ್ತಿ ಮಳೆನೀರಿನ ಜೊತೆ ಹೊರಗೆ ಬಿಡುವುದು. ಹಲಗೆ ಎತ್ತುವ ಕೆಲಸ ಉಚ್ಚಂಗೆಮ್ಮನದು.

ಹೋದ ವಾರ ತೋಡು ಉಕ್ಕಿ, ಪಕ್ಕದ ಕೂಲಿಲೈನಿನ ಬಾವಿಗೆ ನುಗ್ಗಿತ್ತು. ಲೈನಿನವರಿಗೆ ಕುಡಿಯಲು ಬೇರೆ ನೀರು ಕೊಡುತ್ತಿರಲಿಲ್ಲ. ನಾಲ್ಕು ಜನ ವಾಂತಿಭೇದಿಯಲ್ಲಿ ಮಲಗಿದರು. ಆರು ತಿಂಗಳ ಬಸುರಿ ಕಲ್ಪನಾಳ ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಅವಳಿನ್ನೂ ಸರ್ಕಾರಿ ಆಸ್ಪತ್ರೆಯಲ್ಲಿದ್ದಳು. ತಾಯಿಗೆ ರಜೆ ಕೊಟ್ಟಿರಲಿಲ್ಲ.

ಹನ್ನೊಂದಕ್ಕೆ ನೀರಿನ ಪರೀಕ್ಷೆಯ ಆಫೀಸರ್ ಬಂದ. ಮ್ಯಾನೇಜರ್ ಬಿಸಿಲಿಗೆ ಕೊಡೆ ಹಿಡಿದು ಚರಂಡಿ ತೋರಿಸಿದ. ತಿಪ್ಪೇಶಪ್ಪ ಅದಕ್ಕೆ ಆಗಲೇ ಬೋರ್‌ವೆಲ್ ನೀರು ಬಿಟ್ಟಿದ್ದ. ಆಫೀಸರ್ ಅದನ್ನೇ ಬಾಟಲಿಗೆ ತುಂಬಿಸಿ ಚೀಟಿ ಅಂಟಿಸಿದ.

ಉಚ್ಚಂಗೆಮ್ಮ ಓಡಿಹೋಗಿ ಬಾವಿಯಿಂದ ಒಂದು ಕೊಡ ಸೇದಿ ತಂದು ಅವನೆದುರು ಇಟ್ಟಳು.

"ಸಾಹೇಬ್ರೆ, ಇದ್ನೂ ನೋಡ್ರಿ. ಇದ್ನ ಕುಡುದು ನನ್ ಮಗ್ಳು ಸಾಯಾಕೆ ಬಿದ್ದವ್ಳೆ."

ಆಫೀಸರ್ ಕರವಸ್ತ್ರ ಮೂಗಿಗೆ ಒತ್ತಿಕೊಂಡ. "ದೂರ ನಿಂತು ಮಾತಾಡಮ್ಮ. ಬಾವಿಗೂ ನನಗೂ ಸಂಬಂಧ ಇಲ್ಲ."

"ಇವರು ಬಯಲುಸೀಮೆಯವರು ಸಾರ್, ನೀರೇ ಕಂಡವರಲ್ಲ," ಮ್ಯಾನೇಜರ್ ನಕ್ಕ. "ಕಂಡಲ್ಲಿ ಕುಡೀತಾರೆ, ಕಂಡಲ್ಲಿ ಕೂತ್ಕೊಳ್ತಾರೆ. ಮತ್ತೆ ಕಾಯಿಲೆ ಬಾರದೆ ಎಂತ ಆಗ್ತದೆ?"

ಆಫೀಸರೂ ನಕ್ಕ. ತಿಪ್ಪೇಶಪ್ಪ ಕೊಡವನ್ನು ಕಾಲಿನಿಂದ ಒದ್ದ. ಇಬ್ಬರು ಸಾಹೇಬರೂ ಊಟಕ್ಕೆಂದು ಆಫೀಸಿನೊಳಗೆ ಹೋದರು. ಕರಿದ ಅಂಜಲ್ ಮೀನಿನ ವಾಸನೆ ಅಂಗಳಕ್ಕೆಲ್ಲ ಹಬ್ಬಿತು.

ಆಗ ಮಳೆ ಸುರಿಯತೊಡಗಿತು. ಐದು ದಿನದ ಹೊಲಸಿನಿಂದ ತುಂಬಿದ್ದ ತೊಟ್ಟಿ ನೋಡುನೋಡುತ್ತಲೇ ಅಂಚಿಗೆ ಬಂತು.

"ಹಲಗೆ ಎತ್ತೇ!"

ಉಚ್ಚಂಗೆಮ್ಮ ಹೋದಳು. ಹಿಡಿಗೆ ಕೈ ಹಾಕಿದಳು. ಆಮೇಲೆ ಕೈ ತೆಗೆದು, ಸೀರೆ ಎತ್ತಿ ಕಟ್ಟಿ, ಹಲಗೆಯ ಮೇಲೆ ಕುಂತಳು.

"ಹುಚ್ಚು ಹಿಡೀತೇನೇ ಮುಂಡೆ? ಏಳು!"

"ಏಳಾಕಿಲ್ಲ."

"ತೊಟ್ಟಿ ಉಕ್ಕಾಕತ್ತೈತೆ, ಕಣ್ಣು ಕಾಣಾಕಿಲ್ವಾ?"

"ಉಕ್ಕಲಿ. ನಮ್ ಬಾವಿಗೆ ಹೋಗಿದ್ದು ಇವತ್ತು ನಿಮ್ ಆಫೀಸಿಗೆ ಹೋಗ್ಲಿ. ಆ ಬೋಳಿಮಕ್ಳು ತಟ್ಟೆ ಮುಂದೆ ಕುಂತು ಮೂಸ್ಲಿ."

ತಿಪ್ಪೇಶಪ್ಪ ಅವಳ ತುರುಬಿಗೆ ಕೈ ಹಾಕಿ ಎಳೆದ. ಅವಳು ಎರಡೂ ಕೈಯಲ್ಲಿ ಕಬ್ಬಿಣದ ಹಿಡಿ ಅವುಚಿಕೊಂಡಳು. ಕೂದಲು ಕಿತ್ತು ಅವನ ಕೈಗೆ ಬಂತೇ ಹೊರತು ಅವಳು ಬರಲಿಲ್ಲ. ಮೀನು ಸೀಳುವ ಶೆಡ್ಡಿನ ಬಾಗಿಲಲ್ಲಿ ಹೆಂಗಸರು ಗುಂಪುಗೂಡಿದ್ದರು. ಸುನಿತಾ ಮೊದಲು ಬಂದಳು. ಮೇಸ್ತ್ರಿಯನ್ನು ಆಚೆ ತಳ್ಳಿ, ಉಚ್ಚಂಗೆಮ್ಮನ ಪಕ್ಕದಲ್ಲಿ ಕುಂತಳು. ಅವಳ ಹಿಂದೆ ಸಾವಂತ್ರಮ್ಮ, ದೊಡ್ಡಕ್ಕ, ಆಮೇಲೆ ಉಳಿದವರು.

ತೊಟ್ಟಿ ಉಕ್ಕಿತು. ಕೆಂಪು ಕಪ್ಪು ನೀರು ಅಂಗಳವನ್ನು ದಾಟಿ, ತಗ್ಗಿನಲ್ಲಿದ್ದ ಆಫೀಸಿನ ಹೊಸ್ತಿಲು ಹತ್ತಿ ಒಳಗಿಳಿಯಿತು. ಕುರ್ಚಿ ಬಿದ್ದ ಸದ್ದಾಯಿತು. ಆಫೀಸರ್ ಬೂಟುಗಳನ್ನು ಕೈಯಲ್ಲಿ ಹಿಡಿದು ಮೇಜಿನ ಮೇಲೆ ನಿಂತದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಮ್ಯಾನೇಜರ್ ಫೋನಿನಲ್ಲಿ ಪೊಲೀಸರಿಗೆ ಕಿರುಚುತ್ತಿದ್ದ.

"ಈಗ ಏನ್ ಮಾಡಾದು ಯಕ್ಕಾ?" ಸುನಿತಾ ಕೇಳಿದಳು.

"ಏನೂ ಮಾಡ್ಬ್ಯಾಡ. ಸುಮ್ನೆ ಕುಂತ್ಕ," ಎಂದಳು ಉಚ್ಚಂಗೆಮ್ಮ. ಕೂದಲು ಕಿತ್ತಲ್ಲಿಂದ ಕುತ್ತಿಗೆಗೆ ಇಳಿಯುತ್ತಿದ್ದ ರಕ್ತವನ್ನು ಅವಳು ಒರೆಸಿಕೊಳ್ಳಲಿಲ್ಲ. ಮಳೆ ಇನ್ನೂ ಜೋರಾಯಿತು.