ಸೂರ್ಯನ ಬೆನ್ನಿನ ಕಲೆ

ಆ ಭಾನುವಾರ ಗೊಮ್ಮಟೇಶ ಉದಯಪುರದಿಂದ ಫೋನ್ ಮಾಡಿದ್ದ. ನನ್ನ ತಮ್ಮನ ಮಗ. ಭೂಮಿಯ ಸುತ್ತ ಆರು ಕಡೆ ದುರ್ಬೀನು ಇಟ್ಟು, ಒಂದು ಕಡೆ ಹೊತ್ತು ಮುಳುಗಿದರೆ ಇನ್ನೊಂದು ಕಡೆ ನೋಡುತ್ತ, ಸೂರ್ಯನ ಮೈಯ ನಡುಕದಿಂದ ಅವನ ಒಡಲನ್ನು ಅರಿಯುವ ಕೆಲಸ ಅವನಿದ್ದ ವೀಕ್ಷಣಾಲಯದವರದು.

"ಅತ್ತಿ, ಸೂರ್ಯನ ಹಿಂದ ದೊಡ್ಡ ಕಲಿ ಐತಿ. ಕಣ್ಣಿಗೆ ಕಾಣಂಗಿಲ್ಲ, ಈ ಕಡೆ ನಡುಕದಾಗ ಗೊತ್ತಾತು. ಶುಕ್ರವಾರ ಅಂಚಿಗೆ ಬರತೈತಿ. ಅವ್ವಗ ತೋರಸ್ರಿ."

ಮಂಗಳವಾರ ಅವನ ಸ್ಕೂಟರಿಗೆ ಲಾರಿ ಬಡಿಯಿತು; ಅವನು ಉಳಿಯಲಿಲ್ಲ.

ಶುಕ್ರವಾರ ಮಸಗುಪ್ಪಿಯ ಮನೆಯಲ್ಲಿ ಅವನ ತಾಯಿ ಸೀತಾಬಾಯಿ ಇನ್ನೂ ಬರೀ ನೀರು ಕುಡಿದುಕೊಂಡೇ ಇದ್ದಳು. ಸಕ್ಕರೆ ಕಾಯಿಲೆಯ ಮೈ. "ನನ್ನ ಮಗಾ ಹೇಳಿದ್ದು ಕಾಣಲಿ, ಆಮ್ಯಾಲ ಉಣತೇನಿ" ಎಂಬ ಹಟ.

ನಾನು ಪಾಠ ಹೇಳುತ್ತಿದ್ದ ಗೋಕಾಕದ ಕಾಲೇಜಿನಿಂದ ಜವಾನ ಮಹಾಂತೇಶ ದುರ್ಬೀನನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ದುರ್ಬೀನಿನ ಹಿಂದೆ ಹಿಡಿದ ಹಾಳೆಯ ಮೇಲೆ ತಟ್ಟೆಯಷ್ಟು ಸೂರ್ಯ ಬಿದ್ದ. ಒಂದು ಕಲೆಯೂ ಇಲ್ಲ.

ನೆರೆಮನೆಯ ಉದ್ದವ್ವ ಗಂಜಿ ತಂದಳು. "ಸೂರ್ಯಗೂ ಬೆನ್ನ ಐತೇನ್ರಿ ಅಕ್ಕಾರ? ನಮ್ಮ ಸೊಸಿ ನನಗ ದಿನಾ ತೋರಸತಾಳ, ಇಂವಾ ಯಾಕ ಮುಚ್ಚತಾನ?"

ಸೀತಾ ನಗಲಿಲ್ಲ. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವವಳಲ್ಲ, ಜೈನರ ಮನೆ. ಬಿಸಿಲು ಕೆಂಪಾಗುತ್ತಿದ್ದಂತೆ, ಅವಳು ಅತ್ತ ತಿರುಗಿದಾಗ, ನಾನು ಪೆನ್ಸಿಲಿನಿಂದ ಹಾಳೆಯ ಮೇಲಿನ ಸೂರ್ಯನ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟೆ.

"ಬಂತ ನೋಡ, ಸೀತಾ."

ಬಹಳ ಹೊತ್ತು ನೋಡಿದಳು. ಗಂಜಿ ಕುಡಿದಳು.

ಮರುದಿನ ಬೆಳಿಗ್ಗೆ ಒಬ್ಬಳೇ ಅಂಗಳಕ್ಕೆ ಹೋಗಿ ಹೊಸ ಹಾಳೆ ಹಿಡಿದೆ. ಅಂಚಿನಲ್ಲಿ ಕಪ್ಪಗೆ, ಅರೆಗಣ್ಣಿನಂತೆ, ಕಲೆ ಇತ್ತು. ಒಂದೇ ದಿನ ತಡ. ನನ್ನ ಕುತ್ತಿಗೆಯ ಮೇಲೆ ಉಸಿರು ತಾಗಿತು. ತಿರುಗಿದರೆ ಸೀತಾ.

"ಖರೆ ಹೇಳತೇನಿ, ನಿನ್ನಿದು..." ಎಂದೆ.

"ಗೊತ್ತೈತ್ರಿ. ಹಾಳಿ ಮ್ಯಾಲ ಸೂರ್ಯಾ ಸರದ ಹೋದಾ, ನಿಮ್ಮ ಚುಕ್ಕಿ ಸರೀಲಿಲ್ಲ."

"ಗೊತ್ತಿದ್ದೂ ಉಂಡಿ?"

"ನಾ ಉಣ್ಣದ ನೀವೂ ಉಂಡಿರಲಿಲ್ಲಲ್ರಿ."

ಅವಳು ಅಂಗೈ ಚಾಚಿದಳು. ಸೂರ್ಯ ಅದರೊಳಗೆ ಬಿದ್ದ, ಕಲೆಯ ಸಮೇತ.

"ಎಷ್ಟ ದಿನಾ ಇರತೈತ್ರಿ?"

"ಎರಡ ವಾರ. ಆಮ್ಯಾಲ ಮತ್ತ ಹಿಂದ ಹೋಗತೈತಿ."

"ಹಿಂದ ಹೋದಮ್ಯಾಲ ಯಾರ ನೋಡತಾರ?"

ನಾನು ಆರು ಜಾಗಗಳ ಹೆಸರು ಹೇಳತೊಡಗಿದೆ. ಹವಾಯಿ, ಆಸ್ಟ್ರೇಲಿಯಾ... ಉದಯಪುರ ಎನ್ನುತ್ತ ಕೈಯಲ್ಲಿದ್ದ ಹಾಳೆಯನ್ನು ಮಡಚಿದೆ.

ಸೀತಾ ಅಂಗೈಯಿಂದ ಕಣ್ಣೆತ್ತಲಿಲ್ಲ. "ಅಲ್ಲೆ ಈಗ ಯಾರ ಅದಾರ್ರಿ?"