ಮೂರನೇ ಮಂಚದ ಪೇಷಂಟಮ್ಮ

ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಿದ್ದ ಡೈಲಾಗ್‌ಗೆ, ತಾನೇನು ಮಾಡುತ್ತಿದ್ದೇನೆಂದು ಆಮೇಲೆ ಹೊಳೆಯಿತು. ಹೆಣ ತೊಳೆಯುವ ನೀರು. ಹದವಾಗಿದ್ದರೇನು, ಸುಟ್ಟರೇನು. ಆದರೂ ಒಂದು ಚೊಂಬು ತಣ್ಣೀರು ಬೆರೆಸಿ, ಮತ್ತೆ ಮೊಣಕೈ ಅದ್ದಿ, ಸರಿ ಅನ್ನಿಸಿದ ಮೇಲೆಯೇ ಬಕೆಟ್ ಎತ್ತಿದಳು. ಈ ಅಭ್ಯಾಸ ಮಾಡಿಸಿದವರೇ ಒಳಗೆ ಮಲಗಿದ್ದರು.

ಡೈಲಾಗ್ ಅಂದರೆ ವಿಶ್ವವಿದ್ಯಾಲಯದ ನರ್ಸಿಂಗ್ ವಿಭಾಗದ ಅತಿ ಕಿರಿಯ ಟ್ಯೂಟರ್. ಬಾಯಿ ಬಿಟ್ಟರೆ ಸಿನಿಮಾ ಮಾತು, ಅದಕ್ಕೇ ಆ ಹೆಸರು. ಕಿರಿಯಳಾದ್ದರಿಂದ ಯಾರಿಗೂ ಬೇಡದ ಕೆಲಸವೆಲ್ಲ ಅವಳ ತಲೆಗೇ ಬೀಳುತ್ತಿತ್ತು. ಈಗ ಬಿದ್ದಿದ್ದು ವಾರ್ಷಿಕ ವರದಿ, ಅದರಲ್ಲೂ ‘ಸಿಬ್ಬಂದಿಯ ಚಟುವಟಿಕೆ ಮತ್ತು ಸಾಧನೆ’ ಎಂಬ ಭಾಗ. ಮೂರು ವಾರದಿಂದ ಯಾರು ಎಲ್ಲಿ ಭಾಷಣ ಮಾಡಿದರು, ಯಾರಿಗೆ ಯಾವ ಫಲಕ ಬಂತು ಎಂದು ಟೈಪ್ ಮಾಡಿ ಮಾಡಿ ಕಣ್ಣು ಗುಳಿ ಬಿದ್ದಿದ್ದವು. ಇವತ್ತು ನಾಲ್ಕು ಗಂಟೆಗೆ ಪ್ರೆಸ್ಸಿನವನು ಮಷೀನಿಗೆ ಹಾಕುತ್ತೇನೆ ಎಂದಿದ್ದ.

ತಮ್ಮದೇ ಮನೆಯ ಒಳಕೋಣೆಯ ಮಂಚದ ಮೇಲೆ ಪೇಷಂಟಮ್ಮ. ಕಾಗದದ ಮೇಲೆ ಲ್ಯಾಬ್ ಅಟೆಂಡರ್, ಕೆಲಸ ಮಾತ್ರ ರೋಗಿಯಾಗುವುದು. ಹಿಂದೊಮ್ಮೆ ಅಭ್ಯಾಸದ ರಬ್ಬರ್ ಗೊಂಬೆಯ ತೋಳು ಕಿತ್ತು ಬಂದಾಗ, ಒಂದು ದಿನದ ಮಟ್ಟಿಗೆ ಇರಲಿ ಎಂದು ಲ್ಯಾಬಿನ ಮೂರನೇ ಮಂಚದ ಮೇಲೆ ಮಲಗಿದವರು ಮೂವತ್ತೊಂದು ವರ್ಷ ಮಲಗಿಯೇ ಇದ್ದರು. ಓದಲು ಬಂದವರೆಲ್ಲ ಅವರಿಗೇ ಬಿ.ಪಿ. ನೋಡಿ, ಅವರಿಗೇ ಬ್ಯಾಂಡೇಜ್ ಸುತ್ತಿ, ಅವರನ್ನೇ ಮಗ್ಗುಲು ಬದಲಿಸಿ ಕಲಿತರು. ಆಮೇಲೆ ಒಳ್ಳೊಳ್ಳೆಯ ಗೊಂಬೆಗಳು ಬಂದವು. ಅವುಗಳ ಎದೆ ಬಡಿದುಕೊಳ್ಳುತ್ತಿತ್ತು, ಕಣ್ಣು ಮಿಟುಕುತ್ತಿತ್ತು. ಬೈಯಲು ಮಾತ್ರ ಬರುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಅದೇ ಮಂಚಕ್ಕೆ ಚಾದರ ಹಾಸುತ್ತಾ ಒರಗಿದವರು ಏಳಲಿಲ್ಲ. ವಿದ್ಯಾರ್ಥಿಗಳು, ಅಮ್ಮ ಪಾಠಕ್ಕೆ ಮಲಗಿದ್ದಾರೆ ಅಂದುಕೊಂಡು ಸುತ್ತ ನಿಂತರು. ಒಬ್ಬಳು ಮಣಿಕಟ್ಟು ಹಿಡಿದು, ನಾಡಿ ಸಿಗದೆ, ತನಗೇ ಇನ್ನೂ ಸರಿಯಾಗಿ ಬರುವುದಿಲ್ಲ ಎಂದು ಮೂರು ಸಲ ಹುಡುಕಿದಳು. ತಣ್ಣನೆ ಕೈ ಇಟ್ಟರೂ ಅಮ್ಮ ಬೈಯಲಿಲ್ಲವಲ್ಲ ಎಂದು ಇನ್ನೊಬ್ಬಳಿಗೆ ಅನ್ನಿಸಿದಾಗಲೇ ಗೊತ್ತಾಗಿದ್ದು.

* * *

ತಾನು ಓದುತ್ತಿದ್ದಾಗ, ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಡೈಲಾಗ್ ಲ್ಯಾಬಿಗೆ ಹೀರೋ ಎಂಟ್ರಿ ಕೊಟ್ಟಿದ್ದಳು. ಕೋಟಿನ ಕಾಲರ್ ಎತ್ತಿ, ಮಂಚದ ಮುಂದೆ ನಿಂತು, “ಇಷ್ಟು ದಿನ ರೋಗ ನಿಮ್ಮನ್ನ ಹಿಡಿದಿತ್ತು. ಇವತ್ತು ನಾನು ರೋಗವನ್ನ ಹಿಡೀತೀನಿ,” ಅಂದಳು. ಗೆಳತಿಯರು ಹಿಂದಿನಿಂದ ಸಿಳ್ಳೆ ಹಾಕಿದರು. ಅದೇ ಗತ್ತಿನಲ್ಲಿ ಪೇಷಂಟಮ್ಮನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

ಪೇಷಂಟಮ್ಮ ಒಂದೇ ಕಣ್ಣು ತೆರೆದರು.

“ಡೈಲಾಗ್ ಬಿಸಿ ಇದೆ, ಕೈ ಐಸ್ ಇದ್ದ ಹಾಗಿದೆ. ಹೊರಗೆ ಹೋಗಿ ಉಜ್ಜಿಕೊಂಡು ಬಾ.”

“ಅಮ್ಮಾ, ಪರೀಕ್ಷೆ ನಡೀತಿದೆ.”

“ನಂಗೂ ಚಳಿ ಆಗ್ತಿದೆ.”

ಪರೀಕ್ಷಕರ ಎದುರೇ ಹೊರಗೆ ಹೋಗಿ, ಕಾರಿಡಾರಿನಲ್ಲಿ ಅಂಗೈ ಉಜ್ಜಿಕೊಂಡು ಬರಬೇಕಾಯಿತು. ಅಲ್ಲಿಂದ ಆ ಹೆಸರು ಅಂಟಿತು, ಮೈ ಮುಟ್ಟುವ ಮುಂಚೆ ಕೈಯನ್ನೂ ನೀರನ್ನೂ ಹದ ನೋಡುವ ಅಭ್ಯಾಸವೂ.

* * *

ಬಕೆಟ್ ಹಿಡಿದು ಒಳಗೆ ಬಂದರೆ ಡೀನ್ ಕುರ್ಚಿಯ ಮೇಲೆ ಕೂತು ಕಣ್ಣು ಮುಚ್ಚಿದ್ದರು. ಬೆಳಿಗ್ಗೆಯಿಂದ ಎರಡು ಮೀಟಿಂಗ್ ಮುಗಿಸಿ ಬಂದವರು. ಪಕ್ಕದಲ್ಲಿ ಪೇಪರ್ ಮೇಡಂ, ವರ್ಷಕ್ಕೆ ಎಂಟು ಸಂಶೋಧನಾ ಲೇಖನ ಬರೆಯುವ ಪ್ರೊಫೆಸರ್. ವರದಿಯಲ್ಲಿ ಅವರೊಬ್ಬರಿಗೇ ಎರಡೂವರೆ ಪುಟ. ತೊಳೆಯುವ ಕೆಲಸಕ್ಕೆ ಇವರೇ ಬರಬೇಕೆಂದು ಪೇಷಂಟಮ್ಮನ ಮಗಳು ಕೇಳಿದ್ದಳು. ಅಮ್ಮನ ಹತ್ರ ಕಲಿತವರು ನೀವೇ ತಾನೆ, ನಾನು ಮಾಡಿದ್ರೆ ತಪ್ಪಾಗುತ್ತೆ, ಅಂದಿದ್ದಳಂತೆ. ಆಕೆ ಬಟ್ಟೆ ಹೊಲಿಯುವವಳು. ರಾತ್ರಿಯಿಡೀ ಅತ್ತು, ಈಗ ಅಳುವುದಕ್ಕೂ ಸುಸ್ತಾದವಳಂತೆ ಟವೆಲ್ ಮಡಚುತ್ತಿದ್ದಳು.

ಫೋನ್ ಗುಂಯ್‌ಗುಟ್ಟಿತು. ಪ್ರೆಸ್ಸಿನವನು. ಡೈಲಾಗ್ ಕಟ್ ಮಾಡಿದಳು.

“ವರದಿ ಪುಸ್ತಕದ್ದಾ?” ಮಗಳು ಕೇಳಿದಳು. “ಅಮ್ಮ ಹೇಳ್ತಿದ್ರು, ಈ ಸಲ ನನ್ನ ಹೆಸರೂ ಬರುತ್ತೆ, ಫಾರಂ ತುಂಬಿಕೊಟ್ಟಿದ್ದೀನಿ ಅಂತ. ಯಾವ ಪುಟದಲ್ಲಿ ಬರುತ್ತೆ ಮೇಡಂ?”

ಡೈಲಾಗ್ ಬಕೆಟ್ ಕೆಳಗಿಟ್ಟಳು.

* * *

ಮೂರು ವಾರದ ಹಿಂದೆ ಪೇಷಂಟಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಫಾರಂ ಚಾಚಿದ್ದರು. ಸಿಬ್ಬಂದಿ ಅಂತ ಬರೆದಿದೆಯಲ್ಲ, ನಾನೂ ಸಿಬ್ಬಂದಿನೇ, ಅಂದರು. ಲೇಖನ, ಖಾಲಿ. ವಿಚಾರ ಸಂಕಿರಣ, ಖಾಲಿ. ಪ್ರಶಸ್ತಿ, ಖಾಲಿ. ಕೊನೆಯ ‘ಇತರೆ’ ಎಂಬಲ್ಲಿ ದುಂಡಗೆ ಬರೆದಿದ್ದರು: ಮೂವತ್ತೊಂದು ವರ್ಷ ಮಲಗಿದ್ದೇನೆ.

ಸುಸ್ತಾಗಿದ್ದಾಗ ನಗು ಬೇಗ ಬರುತ್ತದೆ. ಡೈಲಾಗ್ ಕುರ್ಚಿಯ ಮೇಲೆ ಹತ್ತಿ, ಕೈ ಎದೆಗಿಟ್ಟು, ಇಂಟರ್ವಲ್ಲಿಗೆ ಮುಂಚೆ ವಿಲನ್ ಹೇಳುವ ಹಾಗೆ ಆ ಸಾಲನ್ನು ಓದಿದಳು. ಪೇಪರ್ ಮೇಡಂ ಮೇಜು ಬಡಿದು ನಕ್ಕರು. ಡೀನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬಾಗಿಲಲ್ಲಿದ್ದ ಪೇಷಂಟಮ್ಮನೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಅವರು ಹೋದ ಮೇಲೆ ಡೈಲಾಗ್ ಆ ಫಾರಮ್ಮಿನ ಹಿಂಬದಿಯಲ್ಲಿ ಊಟದ ಆರ್ಡರ್ ಬರೆದಳು.

* * *

“ಬರುತ್ತಮ್ಮ,” ಡೀನ್ ಕಣ್ಣು ತೆರೆಯದೆಯೇ ಹೇಳಿದರು. “ಕೊನೇ ಪುಟದಲ್ಲಿ ಶ್ರದ್ಧಾಂಜಲಿ ಹಾಕಿಸ್ತೀವಿ. ಫೋಟೋ ಸಮೇತ.”

ಮಗಳು ಟವೆಲ್ ಮಡಚುವುದನ್ನು ನಿಲ್ಲಿಸಿದಳು.

“ಅದು ಬೇಡ ಮೇಡಂ. ಸಾಯೋದೇನೂ ಅಮ್ಮನ ಸಾಧನೆ ಅಲ್ವಲ್ಲ.”

ಪೇಪರ್ ಮೇಡಂ ಕಿಟಕಿಯ ಕಡೆ ತಿರುಗಿದರು. ಹೂಂ ಅಕ್ಕ, ಹನ್ನೆರಡನೇ ಪುಟ, ಎಂದು ಒಂದು ಸುಳ್ಳು ಬಿಟ್ಟರೆ ಇವತ್ತಿನ ಮಟ್ಟಿಗೆ ಕತೆ ಮುಗಿಯುತ್ತಿತ್ತು. ಡೈಲಾಗ್‌ಗೆ ಸುಳ್ಳು ಕಷ್ಟವೇನಲ್ಲ. ಆದರೆ ಪೇಷಂಟಮ್ಮ ಅಲ್ಲೇ ಮಲಗಿದ್ದರು, ಮೂರು ಹೆಜ್ಜೆ ಆಚೆ, ಯಾವ ಕ್ಷಣದಲ್ಲಾದರೂ ಒಂದು ಕಣ್ಣು ತೆರೆಯುವವರ ಹಾಗೆ.

“ಬರಲ್ಲ ಅಕ್ಕ,” ಅಂದಳು. “ನಾನೇ ಹಾಕಿಲ್ಲ. ಓದಿ ಎಲ್ಲರನ್ನೂ ನಗಿಸಿದೆ. ಅಮ್ಮನ ಮುಂದೆನೇ.”

ಮಗಳು ಅವಳನ್ನೇ ನೋಡಿದಳು. ಬೈಯುತ್ತಾಳೆ ಎಂದು ಡೈಲಾಗ್ ಕಾದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಅವತ್ತು ಮನೆಗೆ ಬಂದು ಹೇಳಿದ್ರು,” ಮಗಳು ಅಂದಳು. “ನಾನು ಬರೆದಿದ್ದನ್ನ ಡೈಲಾಗ್ ಎಷ್ಟು ಜೋರಾಗಿ ಓದಿದಳು ಗೊತ್ತಾ, ಎಲ್ಲರಿಗೂ ಕೇಳಿಸ್ತು, ಅಂತ.”

ಫೋನ್ ಮತ್ತೆ ಗುಂಯ್‌ಗುಟ್ಟಿತು. ಈ ಸಲ ಡೈಲಾಗ್ ಎತ್ತಿದಳು. ಹನ್ನೆರಡನೇ ಪುಟ ತಡೆಯಿರಿ, ಒಂದು ಹೆಸರು ಬಿಟ್ಟುಹೋಗಿದೆ, ಅಂದಳು. ಪ್ರೆಸ್ಸಿನವನು ತಲೆ ಚಚ್ಚಿಕೊಂಡಿದ್ದು ಇಲ್ಲಿಗೇ ಕೇಳಿಸಿತು. ಹೋಗಲಿ, ಯಾವ ತಲೆಬರಹದ ಕೆಳಗೆ ಹಾಕಲಿ, ಬೇಗ ಹೇಳಿ ಮೇಡಂ, ಎಂದು ಕೇಳಿದ.

ಡೈಲಾಗ್ ಫೋನಿಗೆ ಕೈ ಅಡ್ಡ ಇಟ್ಟು ಡೀನ್ ಕಡೆ ನೋಡಿದಳು. ವರದಿಗೆ ಸಹಿ ಹಾಕಿದವರು ಅವರೇ. ಅಟೆಂಡರ್ ಹೆಸರು ಯಾಕೆ ಬಂತು ಎಂದು ಮೇಲಿನವರು ಕೇಳಿದರೆ ಉತ್ತರ ಹೇಳಬೇಕಾದವರೂ ಅವರೇ.

ಡೀನ್ ಮಂಚದ ಕಡೆ ನೋಡುತ್ತಿದ್ದರು. “ಕೈ ತಣ್ಣಗಿದೆ ಅಂತ ನನ್ನನ್ನೂ ಒಂದ್ಸಲ ಹೊರಗೆ ಕಳಿಸಿದ್ರು,” ಅಂದರು. “ಇಪ್ಪತ್ತೆಂಟು ವರ್ಷ ಆಯ್ತು.”

“ಮೇಡಂ, ತಲೆಬರಹ?” ಡೈಲಾಗ್ ಕೇಳಿದಳು.

“ಬೋಧನೆ ಅಂತ ಹಾಕಿಸು.”

ಡೈಲಾಗ್ ಅದನ್ನು ಫೋನಿಗೆ ಹೇಳಿದಳು. ಅಮ್ಮ ಫಾರಮ್ಮಿನಲ್ಲಿ ಬರೆದಿದ್ದ ಸಾಲನ್ನೂ ಹೇಳಿದಳು, ಒಂದೊಂದೇ ಪದ, ಈ ಸಲ ಯಾವ ಗತ್ತೂ ಇಲ್ಲದೆ. ಫೋನಿಟ್ಟು ಮಂಚದ ಪಕ್ಕ ಬಗ್ಗಿ, ಪೇಷಂಟಮ್ಮನ ಕಿವಿಯ ಹತ್ತಿರ, “ಅಮ್ಮ, ಎಡಕ್ಕೆ ಹೊರಳಿಸ್ತೀವಿ,” ಅಂದಳು.

ಪೇಪರ್ ಮೇಡಂ ಅಂಗಿಯ ತೋಳು ಮಡಚಿಕೊಂಡು ಪೇಷಂಟಮ್ಮನ ಭುಜದತ್ತ ಕೈ ಚಾಚಿದವರು, ಮುಟ್ಟುವ ಮುಂಚೆ ಹಿಂದೆಗೆದುಕೊಂಡರು. ಎರಡೂ ಅಂಗೈ ಸೇರಿಸಿ ಉಜ್ಜತೊಡಗಿದರು. ಡೀನ್ ಕುರ್ಚಿಯಿಂದ ಎದ್ದು, ಬಳೆ ಮೇಲಕ್ಕೇರಿಸಿ, ತಾವೂ ಉಜ್ಜಿದರು, ಡೈಲಾಗ್ ಕೂಡ. ಬಕೆಟ್ಟಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಮಗಳು ಹೊದಿಕೆಯ ತುದಿ ಹಿಡಿದು, ಆ ಆರು ಅಂಗೈಗಳು ಬೆಚ್ಚಗಾಗಲೆಂದು ಕಾಯುತ್ತ ನಿಂತಳು.