ಮಂಚದ ಮೇಲಿನ ಕ್ಯಾಪ್ಟನ್

ಬೀದಿಯವರು ಅವಳನ್ನು ಕ್ಯಾಪ್ಟನ್ ಎಂದು ಕರೆಯಲು ಶುರುಮಾಡಿ ಎಷ್ಟೋ ವರ್ಷಗಳಾಗಿದ್ದವು. ವಿಮಾನ ಹಾರಿಸುವ ಮಾತು ಹಾಗಿರಲಿ, ಅವಳಿನ್ನೂ ಅರ್ಜಿಯನ್ನೇ ಹಾಕಿರಲಿಲ್ಲ. ಆದರೆ ಬೀದಿಗೆ ಅಷ್ಟೆಲ್ಲ ತಾಳ್ಮೆ ಎಲ್ಲಿಂದ ಬರಬೇಕು? ಹಾಲು ತರಲು ಹೋದರೆ "ಏನ್ ಕ್ಯಾಪ್ಟನ್, ನಮ್ಮನ್ನ ಯಾವಾಗ ಕೂರಿಸ್ಕೊಂಡು ಹೋಗ್ತೀರಿ?" ಎಂದು ಕೇಳುತ್ತಿದ್ದರು. ಅವಳು "ಮುಂದಿನ ಸಲ" ಎಂದು ಹಲ್ಲು ಕಿರಿದು ಜಾಗ ಖಾಲಿ ಮಾಡುತ್ತಿದ್ದಳು.

ಇದೆಲ್ಲ ಅಪ್ಪನ ಪ್ರತಾಪ. ವಿಮಾನ ನಿಲ್ದಾಣದಲ್ಲಿ ಟಗ್ ಓಡಿಸಿ, ಅಂದರೆ ನಿಂತ ವಿಮಾನವನ್ನು ಹಿಂದಕ್ಕೆ ತಳ್ಳುವ ಗಿಡ್ಡ ಗಾಡಿ ಓಡಿಸಿ, ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತವರು ಅವರು. ಕಂಡಕಂಡವರಿಗೆಲ್ಲ "ನನ್ನ ಮಗಳು ಪೈಲಟ್ ಆಗ್ತಾಳೆ" ಎಂದು ಸಾರಿದ್ದರು. ಮಗಳು ಸದ್ಯಕ್ಕೆ ಅದೇ ನಿಲ್ದಾಣದಲ್ಲಿ ಹೆಡ್‌ಸೆಟ್ ಕೆಲಸಕ್ಕಿದ್ದಳು. ವಿಮಾನದ ಮೂಗಿನ ಕೆಳಗೆ ನಿಂತು, ತಂತಿಯ ಮೂಲಕ ಮೇಲಿರುವ ಕ್ಯಾಪ್ಟನ್ನರನ್ನು "ಬ್ರೇಕ್ ಬಿಟ್ಟಿದ್ದೀರಾ?" ಎಂದು ಕೇಳಬೇಕು. ಅವರು "ಬ್ರೇಕ್ ಬಿಟ್ಟಿದೆ" ಎಂದ ಮೇಲೆ ಟಗ್ಗಿನವರಿಗೆ ಕೈ ಎತ್ತಿ ತೋರಿಸಬೇಕು. ಆಗ ವಿಮಾನ ಹಿಂದಕ್ಕೆ ಸರಿಯುತ್ತದೆ.

ಒಂದು ವಿಮಾನ ಕಂಪನಿ ವರ್ಷಕ್ಕೊಮ್ಮೆ ಕೆಲವರನ್ನು ಕೆಡೆಟ್‌ಗಳಾಗಿ ಆರಿಸಿ, ತಾನೇ ಕಲಿಸಿ ಪೈಲಟ್ ಮಾಡುತ್ತಿತ್ತು. ಅದರಲ್ಲಿ ಒಂದು ಪೇಚಿತ್ತು. ಆ ಪರೀಕ್ಷೆಗೆ ಜನ್ಮದಲ್ಲಿ ಒಂದೇ ಸಲ ಕೂರಬಹುದು. ಫೇಲಾದರೆ ಮತ್ತೆ ಆ ಕಡೆ ತಲೆ ಹಾಕುವಂತಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲ ಮಾತೂ ಅರ್ಜಿ ಯಾವಾಗ ಹಾಕುವುದು ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಒಂದು ವರ್ಷ ಲೆಕ್ಕ ಇನ್ನೂ ಗಟ್ಟಿಯಾಗಬೇಕು ಎಂದಾಯಿತು. ಇನ್ನೊಂದು ವರ್ಷ ಅಮ್ಮ ತೀರಿಕೊಂಡಿದ್ದರು, ಯಾರೂ ಆ ಮಾತೆತ್ತಲಿಲ್ಲ. ಆಮೇಲಿನ ವರ್ಷ ಇಂಗ್ಲಿಷ್ ತಡವರಿಸುತ್ತದೆ ಎಂದಾಯಿತು. "ಮುಂದಿನ ಸಲ ಹಾಕೋಣ ಮಗಳೇ, ಅವಸರ ಏನಿದೆ?" ಎನ್ನುತ್ತಿದ್ದರು ಅಪ್ಪ. ಅವಸರವಿತ್ತು. ಮುಂದಿನ ವರ್ಷ ದಾಟಿದರೆ ಅವಳ ವಯಸ್ಸು ಮೀರುತ್ತಿತ್ತು. ಈ ವರ್ಷದ ಅರ್ಜಿಗೆ ಕೊನೆಯ ದಿನವೂ ಹತ್ತಿರ ಬಂದಿತ್ತು.

ಅಭ್ಯಾಸಕ್ಕೇನೂ ಕೊರತೆಯಿರಲಿಲ್ಲ. ಅವರದು ಒಂದೇ ಕೋಣೆಯ ಮನೆ. ಅಪ್ಪ ಮಂಚದ ಮೇಲೆ ಕುರ್ಚಿ ಇಟ್ಟು, ಅದರ ಮೇಲೆ ಮಗಳನ್ನು ಕೂರಿಸುತ್ತಿದ್ದರು. ಕಾಕ್‌ಪಿಟ್ ಎತ್ತರದಲ್ಲಿರಬೇಕಲ್ಲ! ಫ್ಯಾನು ತಲೆಗೆ ಬಡಿಯುತ್ತದೆಂದು ಅದನ್ನು ಆರಿಸಿ, ತಾವು ಕೆಳಗೆ ನಿಂತು, ಯಾವ ತಂತಿಯೂ ಇಲ್ಲದ ಹಳೇ ಹೆಡ್‌ಸೆಟ್ ಹಾಕಿಕೊಂಡು ಕತ್ತೆತ್ತಿ ಕೇಳುತ್ತಿದ್ದರು.

"ಕ್ಯಾಪ್ಟನ್, ಬ್ರೇಕ್ ಬಿಟ್ಟಿದ್ದೀರಾ?"

"ಬ್ರೇಕ್ ಬಿಟ್ಟಿದೆ."

"ಗಟ್ಟಿಯಾಗಿ ಹೇಳು. ಮುನ್ನೂರು ಜನ ಕೂತಿದ್ದಾರೆ ಹಿಂದೆ."

ಬೆವರು ಕಣ್ಣಿಗಿಳಿಯುತ್ತಿತ್ತು, ತಲೆ ಸೂರಿಗೆ ತಾಗುತ್ತಿತ್ತು. ಇಳಿಯುತ್ತೇನೆ ಎಂದರೆ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಅದನ್ನು ನೋಡಲಾಗದೆ ಮತ್ತೊಮ್ಮೆ ಹೇಳುತ್ತಿದ್ದಳು. ಎಷ್ಟೋ ಸಲ ಅವಳಿಗೆ ಆ ಕುರ್ಚಿಯಿಂದ ನೇರ ಬಾಗಿಲಾಚೆಗೆ ಜಿಗಿದು ಓಡಿಬಿಡಬೇಕು ಅನ್ನಿಸಿತ್ತು.

ಎಡವಟ್ಟಾದದ್ದು ಕೊನೆಯ ದಿನದ ಹಿಂದಿನ ದಿನ ಬೆಳಿಗ್ಗೆ. ವಿಮಾನದ ಬಾಗಿಲುಗಳು ಮುಚ್ಚಿದ್ದವು. ಟಗ್ಗಿನ ಮೇಲೆ ಅಪ್ಪನ ಹಳೇ ಜೊತೆಗಾರ, ಎಲ್ಲರೂ ಮಾವ ಎಂದು ಕರೆಯುವ ಮನುಷ್ಯ, ಅವಳ ಕೈಯನ್ನೇ ನೋಡುತ್ತ ಕೂತಿದ್ದರು. ಮೇಲಿನ ಕ್ಯಾಪ್ಟನ್ ಇನ್ನೂ ಟವರಿನ ಜೊತೆ ಮಾತಿನಲ್ಲಿದ್ದರು. ಅವಳ ತಲೆಯಲ್ಲಿ ನಾಳೆಯ ಅರ್ಜಿಯೇ ಸುತ್ತುತ್ತಿತ್ತು. ಬಾಯಿ ತನ್ನ ಪಾಡಿಗೆ ತಾನು "ಬ್ರೇಕ್ ಬಿಟ್ಟಿದೆ" ಎಂದಿತು. ಕೇಳಬೇಕಾದವಳು ಉತ್ತರ ಹೇಳಿಬಿಟ್ಟಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಭ್ಯಾಸಬಲದಿಂದ ಕೈಯೂ ಮೇಲೆದ್ದಿತು. ಕೈ ನೋಡಿದ ಮಾವ ತಳ್ಳಿದರು.

ಬ್ರೇಕ್ ಹಾಕಿಯೇ ಇತ್ತು. ಟಗ್ಗಿಗೂ ವಿಮಾನಕ್ಕೂ ನಡುವಿನ ಕಬ್ಬಿಣದ ಸರಳಿನಲ್ಲಿ ಒಂದು ಪಿನ್ನಿರುತ್ತದೆ. ಚಕ್ರ ಮುರಿಯುವ ಬದಲು ತಾನು ಮುರಿಯಲೆಂದೇ ಇಟ್ಟದ್ದು. ಅದು ಫಟ್ಟೆಂದು ತುಂಡಾಯಿತು. ಮಾವ ಇಳಿದು ಬಂದು ಚಕ್ರ ನೋಡಿ, ಅವಳನ್ನು ನೋಡಿ, "ಏನಮ್ಮಾ, ನಿದ್ದೆಗಣ್ಣಲ್ಲಿ ಬಂದಿದ್ದೀಯಾ?" ಎಂದರು.

ವಿಮಾನ ತಡವಾಗಿ ಹೊರಟಿತು, ಯಾರಿಗೂ ಪೆಟ್ಟಾಗಲಿಲ್ಲ. ಸೂಪರ್‌ವೈಸರ್ ಮುಂದೆ ಅವಳು ಕಾಗೆ ಹಾರಿಸಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. ವಿಚಾರಣೆ ಮುಗಿಯುವ ತನಕ ಹೆಡ್‌ಸೆಟ್ ಮುಟ್ಟಬೇಡ ಎಂದರು.

ಮನೆಗೆ ಬಂದು ಅಪ್ಪನ ಮುಂದೆ ನಿಂತು ಎಲ್ಲ ಹೇಳಿದಳು. ಬೈಯುತ್ತಾರೆಂದುಕೊಂಡಿದ್ದಳು. ಅಪ್ಪ ಉಸಿರು ಬಿಟ್ಟು, "ಹೋಗ್ಲಿ ಬಿಡು, ಒಳ್ಳೇದೇ ಆಯ್ತು" ಎಂದರು.

"ಏನು ಒಳ್ಳೇದಾಯ್ತು?"

"ಅಲ್ಲ... ಇದೆಲ್ಲ ತಣ್ಣಗಾಗ್ಲಿ. ಈ ಸಲ ಹೇಗೂ ಆಗಲ್ವಲ್ಲ. ಮುಂದಿನ ಸಲ ಹಾಕಿದ್ರಾಯ್ತು."

"ಅಪ್ಪಾ, ವಿಚಾರಣೆಗೂ ಅರ್ಜಿಗೂ ಏನು ಸಂಬಂಧ? ನಿಂಗೆ ನಾನು ಹಾಕೋದೇ ಬೇಡ್ವಾ?"

ಅಪ್ಪ ಮಂಡಿ ನೀವಿಕೊಂಡರು. "ಹಾಕದೇ ಇರೋ ತನಕ ನೀನು ಫೇಲಾಗಲ್ಲ ಮಗಳೇ. ಫೇಲಾದ್ರೆ ಈ ಬೀದೀಲಿ ನಾನು ಹೇಗೆ ಓಡಾಡ್ಲಿ? ನೀನು ಹೇಗೆ ಓಡಾಡ್ತೀಯ?"

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಬೆಳಿಗ್ಗೆ ಪಿನ್ನು ಮುರಿದಾಗ ಹೆದರಿಕೆಯ ಹಿಂದೆಯೇ ಇನ್ನೊಂದು ಬಂದಿತ್ತು. ಅಬ್ಬಾ, ಇನ್ನು ನಾಳೆ ಹಾಕಬೇಕಾಗಿಲ್ಲ, ಅನ್ನಿಸಿತ್ತು. ಇಷ್ಟು ವರ್ಷ ಅಪ್ಪ ತನ್ನನ್ನು ಕಟ್ಟಿಹಾಕಿದ್ದಾರೆಂದು ಮುಖ ಊದಿಸಿಕೊಂಡಿದ್ದಳು. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಿದ್ದವಳು ಅವಳೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಫೋನ್ ತೆಗೆದಳು. ತುಂಬಿಸಬೇಕಾದದ್ದೆಲ್ಲ ಎಂದೋ ತುಂಬಿಸಿಟ್ಟಿದ್ದಳು, ಒತ್ತುವುದಷ್ಟೇ ಬಾಕಿ.

"ಈಗ್ಲೇನಾ?" ಅಪ್ಪ ಎದ್ದು ನಿಂತರು. "ಊಟ ಆದ್ಮೇಲೆ ಯೋಚ್ನೆ ಮಾಡೋಣ. ಒಂದ್ನಿಮಿಷ ಇರು!"

ಒತ್ತಿದಳು. ಅರ್ಜಿ ತಲುಪಿದೆ ಎಂದಿತು ಫೋನು. ಅಪ್ಪ ಬರಿಗೈಯನ್ನು ಮುಂದೆ ಚಾಚಿಕೊಂಡೇ ನಿಂತಿದ್ದರು. ಮಂಚದ ತುದಿಯಲ್ಲಿ ಕೂತಳು. ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ಅಷ್ಟರಲ್ಲಿ ಕೆಳಗಿನ ಮನೆಯ ಟೈಲರ್ ಅಪ್ಪನ ಪ್ಯಾಂಟಿನ ಅಂಚು ಹೊಲಿದು ತಂದುಕೊಟ್ಟ. ಕೊಟ್ಟವನು ಸುಮ್ಮನೆ ಹೋಗುತ್ತಾನೆಯೇ? "ನಾಳೆ ಕೊನೇ ದಿನ ಅಂತಲ್ಲ. ಕ್ಯಾಪ್ಟನ್ ಅರ್ಜಿ ಹಾಕಿದ್ರಾ?" ಎಂದ.

"ಇಲ್ಲಪ್ಪ," ಎಂದರು ಅಪ್ಪ, ಕಣ್ಣು ಮಿಟುಕಿಸದೆ. "ಈ ಸಲ ಬೇಡ ಅಂದ್ಕೊಂಡ್ವಿ. ಮುಂದಿನ ಸಲ."

ಟೈಲರ್ ಅವಳ ಕಡೆ ತಿರುಗಿದ. "ಹೌದೇನಮ್ಮಾ?"

ಹಾಕಿದ್ದೀನಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅಪ್ಪ ಅವಳನ್ನೇ ನೋಡುತ್ತಿದ್ದರು. ಅವರು ಬಾಗಿಲ ಚೌಕಟ್ಟನ್ನು ಬೀಳುವವರಂತೆ ಬಿಗಿಯಾಗಿ ಹಿಡಿದಿದ್ದರು. ಪಾಪ ಅನ್ನಿಸಿತು, ಸಿಟ್ಟೂ ಬಂತು.

"ಹೌದು," ಎಂದಳು ಅವಳು. "ಮುಂದಿನ ಸಲ."

ಇಷ್ಟು ವರ್ಷ ಆ ಮಾತು ಹೇಳುತ್ತ ಬಂದಿದ್ದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿದ್ದು ಹೇಳಿದ್ದು ಅದೇ ಮೊದಲು.